ಸರ್ವರಿಗೆ ಸಾಹುಕಾರರ ಹೆಸರಿಟ್ಟದ್ದು

ಕಂಪ್ಯೂಟರ್ ಕೆಟ್ಟಿದೆ ಎಂದು ನನ್ನನ್ನು ಕರೆಯುತ್ತಾರೆ. ಹೋಗಿ ನೋಡಿದರೆ ಕಂಪ್ಯೂಟರ್ ನೆಟ್ಟಗಿರುತ್ತದೆ, ತೊಂದರೆ ಬೇರೆಲ್ಲೋ ಇರುತ್ತದೆ. ಈ ಕಸುಬಿಗೆ ಇಳಿದಾಗಿನಿಂದ ಹೀಗೇ ಆಗುತ್ತಾ ಬಂದಿದೆ, ನನಗೂ ರೂಢಿಯಾಗಿದೆ.

ನನ್ನ ಮನೆ ವಿಜಯಪುರದ ಅಥಣಿ ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಸ್ಕೂಟರ್ ಬಿಟ್ಟರೆ ತಿಕೋಟಾ. ಎರಡೂ ಕಡೆ ದ್ರಾಕ್ಷಿ ತೋಟಗಳು, ನಡುನಡುವೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಶೆಡ್ಡಿನ ಹಸಿರು ಪರದೆ ಗಾಳಿಗೆ ಮೆಲ್ಲಗೆ ಅಲ್ಲಾಡುವುದನ್ನು ನೋಡುತ್ತಾ ಹೋದರೆ ಯಾಕೆ ಹೊರಟಿದ್ದೆ ಎಂಬುದೇ ಮರೆತುಹೋಗುತ್ತದೆ. ನಾನು ಮೊದಲಿನಿಂದಲೂ ಹಗಲುಗನಸಿನ ಗಿರಾಕಿ. ಒಮ್ಮೆ ಹೀಗೇ ಮೈಮರೆತು ತಿಕೋಟಾ ದಾಟಿ, ಘೋಣಸಗಿಯ ಹಾದಿಗೆ ಬಿದ್ದು, ಯಾರದೋ ತೋಟದಲ್ಲಿ ಚಹಾ ಕುಡಿದ ಮೇಲೆ ಕೆಲಸ ನೆನಪಾಗಿ ತಿರುಗಿ ಬಂದಿದ್ದೇನೆ.

ಈಗ ಹೇಳುವುದೆಲ್ಲ ತಿಕೋಟಾದ ಒಂದೇ ಅಂಗಡಿಯದು. ಒಣದ್ರಾಕ್ಷಿ ವ್ಯಾಪಾರ. ಯಜಮಾನರು ಊರಿಗೆಲ್ಲ ಸಾಹುಕಾರರು. ಅವರ ಸೊಸೆ ಲೆಕ್ಕ ನೋಡುತ್ತಾಳೆ. ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವ ಹಳೆಯ ದಿವಾನಜಿ ಬಿಲ್ಲು ಮಾಡುತ್ತಾರೆ. ಇಬ್ಬರಿಗೂ ಒಂದೊಂದು ಕಂಪ್ಯೂಟರ್. ಮೂರನೆಯದು ಸಾಹುಕಾರರದು, ಅದನ್ನು ಅವರು ದಿನಾ ಒರೆಸುತ್ತಾರೆ. ಎಲ್ಲರಿಗೂ ಫೈಲು ಹಂಚಲು ಮೂಲೆಯಲ್ಲಿ ಒಂದು ಸರ್ವರ್.

೧. ತೊಟ್ಟಿಲಿಲ್ಲದ ನಾಮಕರಣ

ಸರ್ವರ್ ಬಂದ ದಿನ ಅದಕ್ಕೆ ಹಾರ ಹಾಕಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಹೊಗೆ ಒಳಗೆ ಹೋಗದಂತೆ ನಾನು ಅಡ್ಡ ನಿಂತೆ.

"ಇದಕ್ಕೊಂದು ಹೆಸರು ಬೇಕ್ರಿ. ಉಳದ ಕಂಪ್ಯೂಟರ್ ಎಲ್ಲಾ ಇದನ್ನ ಹೆಸರು ಹಿಡದ ಕರೀತಾವ" ಎಂದೆ.

"ಕರದ್ರ ಓ ಅಂತೈತಿ?" ಎಂದರು ಸಾಹುಕಾರರು.

"ಅಂತೈತ್ರಿ."

"ಕೇಳಿದ್ದ ಕೊಡ್ತೈತಿ?"

"ಕೊಡ್ತೈತ್ರಿ."

ದಿವಾನಜಿ ಕೈ ಮುಗಿದು, "ಹಂಗಾರ ಸಾವಕಾರ್ರ ಹೆಸರ ಇಡ್ರಿ. ಈ ಊರಾಗ ಕೇಳಿದ್ದ ಕೊಡಾವ್ರು ಅವರೊಬ್ಬರ" ಎಂದರು.

ಸಾಹುಕಾರರು ನಾಚಿಕೊಂಡರು. "ಏ, ಬ್ಯಾಡ ಬ್ಯಾಡ" ಎಂದರು. ಬ್ಯಾಡ ಎನ್ನುತ್ತಲೇ ನಾನು ಕೇಳುವ ಮೊದಲೇ ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಮುಗಿಸಿದರು. ಸೊಸೆ ಮಾತ್ರ ಪೇಢೆಯ ತಾಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ; ಯಾಕೆಂಬುದು ಆಮೇಲೆ ತಿಳಿಯುತ್ತದೆ.

೨. ಎದುರಿಗೇ ಕುಳಿತವರು ಸಿಗಲಿಲ್ಲ

ಕೆಲವು ದಿನಗಳ ಮೇಲೆ ಸರ್ವರ್ ಕಾಣಿಸುತ್ತಿಲ್ಲವೆಂದು ಕರೆ ಬಂತು. ನಾನು ಹೋದಾಗ ದಿವಾನಜಿ ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಕನ್ನಡ ಮಾಡಿ ಹೇಳುತ್ತಿದ್ದರು:

"ಸಾವಕಾರ್ರು ಎಲ್ಲೂ ಸಿಗವಲ್ರು ಅಂತೈತ್ರಿ. ಹೆಸರು ಬರೋಬರಿ ಐತೇನು ನೋಡ್ರಿ ಅಂತೈತಿ."

"ನಾ ಇಲ್ಲೇ ಕುಂತೇನಲ್ಲೋ!" ಎಂದು ಸಾಹುಕಾರರು ಎದ್ದೇ ಬಂದರು. ಕನ್ನಡಕ ತೆಗೆದು ಪರದೆಯ ಮುಂದೆ ಮುಖ ಹಿಡಿದು ನಿಂತರು. ಆದರೂ ಅದು ಅವರನ್ನು ಗುರುತಿಸಲಿಲ್ಲ.

ನಾನು ಮೂಲೆಗೆ ಹೋಗಿ ನೋಡಿದರೆ, ದಿವಾನಜಿ ಸೆಕೆ ತಾಳದೆ ಸರ್ವರಿನ ಪ್ಲಗ್ಗು ಕಿತ್ತು ತಮ್ಮ ಟೇಬಲ್ ಫ್ಯಾನು ಹಚ್ಚಿಕೊಂಡಿದ್ದರು.

"ಏನಾಗಿತ್ರಿ?" ಎಂದು ಸಾಹುಕಾರರು ಕೇಳಿದರು.

"ಏನಿಲ್ರಿ, ಸರ್ವರ್ ಆರಿತ್ತು" ಎಂದೆ.

ಅವರ ಮುಖ ಸಪ್ಪಗಾಯಿತು. "ನನ್ನ ಹೆಸರು ಇಟ್ಟ ಮ್ಯಾಲ ಆರಿತ್ತು ಅನಬ್ಯಾಡ್ರಿ. ಮಲಗಿತ್ತು ಅನ್ರಿ" ಎಂದರು. ಅಂದಿನಿಂದ ಆ ಅಂಗಡಿಯಲ್ಲಿ ಸರ್ವರ್ ಮಲಗುತ್ತದೆ, ಏಳುತ್ತದೆ. ನಡುವೆ ಒಮ್ಮೆ ದಿವಾನಜಿ ಫೋನ್ ಮಾಡಿ, "ಸಾವಕಾರ್ರು ಮಲಗ್ಯಾರ್ರಿ, ಎಷ್ಟ ಒತ್ತಿದ್ರೂ ಏಳವಲ್ರು" ಎಂದಾಗ ನಾನು ಗಾಬರಿಯಾಗಿ ಸ್ಕೂಟರ್ ಹತ್ತಿ ಡಾಕ್ಟರನ್ನೇ ಹುಡುಕಲು ಹೊರಟಿದ್ದೆ.

೩. ಬಸ್ಸಿನ ಟವೆಲ್ಲು

ಆಮೇಲೆ ಸೊಸೆಯ ತಕರಾರು ಬಂತು. ಮಾಲಿನ ಫೈಲು ತೆರೆಯಲು ಹೋದರೆ, ಬೇರೆಯವರು ತೆರೆದಿದ್ದಾರೆ, ನೀವು ಓದಬಹುದು, ಬರೆಯುವಂತಿಲ್ಲ ಎಂದು ಬರುತ್ತಿತ್ತು. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ತೆರೆದವರು ದಿವಾನಜಿ. ಆದರೆ ಅವರು ರೊಟ್ಟಿ ಉಂಡು ಕೈಚೀಲ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದರು.

ಎದ್ದ ಮೇಲೆ ಕೇಳಿದೆ: "ಕೆಲಸ ಇಲ್ಲದಾಗ ಫೈಲ್ ಯಾಕ ತಗದಿಡ್ತೀರಿ?"

"ಏನ್ರಿ ನೀವು! ಬಬಲೇಶ್ವರ ಬಸ್ಸಿನ್ಯಾಗ ಕಿಡಕಿಯಿಂದ ಟವೆಲ್ ಒಗೀಲಿಲ್ಲಂದ್ರ ಸೀಟ್ ಸಿಗ್ತೈತೇನ್ರಿ? ಬಂದ ಕೂಡ್ಲೆ ತಗದ ಇಟ್ಟಬಿಡ್ತೇನಿ. ಆಮ್ಯಾಲ ಕುಂಡ್ರಲಿ, ಬಿಡಲಿ, ಜಾಗಾ ನಂದು."

ಇಬ್ಬರೂ ಒಟ್ಟಿಗೆ ಬರೆಯುವಂತೆ ಮಾಡಿಕೊಟ್ಟೆ. ದಿವಾನಜಿಗೆ ಸಮಾಧಾನವಾಗಲಿಲ್ಲ. "ಇಬ್ಬರೂ ಒಂದs ಸೀಟಿನ್ಯಾಗ? ಕಂಡಕ್ಟರ್ ಒಪ್ಪಬೇಕಲ್ರಿ" ಎಂದರು.

೪. ಸೊಸೆಗೆ ಮಾತ್ರ ಸಿಗದ ಸರ್ವರ್

ಇದು ನಗುವ ಮಾತಾಗಿರಲಿಲ್ಲ. ಆ ಹುಡುಗಿ ವಿಜಯಪುರದಲ್ಲಿ ಬಿ.ಕಾಂ. ಓದಿದವಳು. ಮದುವೆಯಾದ ಮೇಲೆ ಎಷ್ಟೋ ಕಾಲ ಕಾದು ಈ ಕುರ್ಚಿ ಸಿಕ್ಕಿತ್ತು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಅವಳ ಕಂಪ್ಯೂಟರಿಗೆ ಮಾತ್ರ ಸರ್ವರ್ ಸಿಗುತ್ತಿರಲಿಲ್ಲ. ನಾನು ಹೋಗಿ ಸರ್ವರಿನ ಹೆಸರು ಹಾಕಿದರೆ ತಟ್ಟನೆ ತೆರೆಯುತ್ತಿತ್ತು. ನಾನು ಮನೆ ಮುಟ್ಟುವುದರೊಳಗೆ ಫೋನು: "ಅಣ್ಣಾರ, ಮತ್ತ ಹೋತ್ರಿ."

ವೈರು ಬದಲಿಸಿದೆ. ಕಂಪ್ಯೂಟರಿನ ಹೊಟ್ಟೆ ಬಗೆದು ಮತ್ತೆ ಹೊಲಿದೆ. ಏನೂ ಉಪಯೋಗವಾಗಲಿಲ್ಲ. ಸಾಹುಕಾರರಿಗೆ ಬೇಸರವಾಗಿ, "ಬರೂ ಅಮಾಸಿತನಕ ನೋಡೂಣು. ಆಗಲಿಲ್ಲಂದ್ರ ಆಕಿ ಮನ್ಯಾಗ ಇರ್ಲಿ. ಮಷೀನ್ ಆಕಿ ಮಾತ ಕೇಳವಲ್ದು" ಎಂದುಬಿಟ್ಟರು. ಅವಳು ಕೀಬೋರ್ಡಿನ ಧೂಳು ಒರೆಸಿದಳು.

ಆ ಮಧ್ಯಾಹ್ನ ಸರ್ವರಿನ ಪಕ್ಕ ಕುಳಿತಿದ್ದೆ. ಅದರ ಗುಂಯ್ ಎನ್ನುವ ಸದ್ದು, ಹೊರಗೆ ಒಣದ್ರಾಕ್ಷಿಯ ಸಿಹಿ ವಾಸನೆ, ಕಣ್ಣು ಎಳೆಯಿತು. ಕನಸಿನಲ್ಲಿ ಸಾಹುಕಾರರೇ ಆ ಡಬ್ಬಿಯೊಳಗೆ ಫೈಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸೊಸೆ ಬಾಗಿಲಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದಳು, ಕೆಮ್ಮುತ್ತಿದ್ದಳು, ಬಾಯಿ ಬಿಟ್ಟು ಕರೆಯುತ್ತಿರಲಿಲ್ಲ. ಎಚ್ಚರವಾದಾಗ ಇದೆಂಥ ಹುಚ್ಚು ಕನಸು ಎಂದು ನಕ್ಕು ಮನೆಗೆ ಹೋದೆ. ದೇವರೇ ಬಂದು ಉತ್ತರ ಹೇಳಿದರೂ ನಾನು ಹೀಗೆಯೇ ಆಕಳಿಸಿ ಎದ್ದು ಹೋಗುವವನು.

೫. ಒಂದೇ ಕರೆಗೆ

ಅಮಾವಾಸ್ಯೆಯ ದಿನ ಅಂಗಡಿ ಪೂಜೆಗೆ ಸಾಹುಕಾರರ ಹೆಂಡತಿ ಬಂದರು. ಕಾಯಿ ಒಡೆದದ್ದೇ ತಡ, ಕರೆಂಟು ಹೋಗಿ ಬಂತು. ಸೊಸೆಗೆ ಸರ್ವರ್ ಸಿಗಲಿಲ್ಲ.

"ಸಾಕ ಬಿಡವಾ, ಮನಿಗಿ ಹೋಗೂಣು ನಡಿ" ಎಂದರು ಅತ್ತೆ.

ಹುಡುಗಿಯ ಕಣ್ಣು ತುಂಬಿತ್ತು. ನನಗೆ ಯಾಕೋ ಆ ಕನಸು ನೆನಪಾಯಿತು. "ತಡೀರಿ. ಈ ಸಲ ನೀವ ತಗೀರಿ ತಂಗಿ, ನಾ ನೋಡ್ತೇನಿ" ಎಂದೆ.

ಅವಳು ಹೆಸರು ಹಾಕಲಿಲ್ಲ. ಒಂದು ಉದ್ದನೆಯ ನಂಬರು ಹಾಕಿದಳು. ಅದು ಸರ್ವರಿನದೇ ನಂಬರು, ನಾನು ಸರಿಮಾಡಿ ಹೋದಾಗಲೆಲ್ಲ ಅವಳು ಪರದೆಯಲ್ಲಿ ನೋಡಿ ಬರೆದಿಟ್ಟುಕೊಂಡದ್ದು. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಬದಲಾಗುವಂಥದು. ಹೆಸರಿದ್ದ ಮೇಲೆ ನಂಬರು ಯಾರಿಗೆ ಬೇಕು ಎಂದು ನಾನು ಅದನ್ನು ಹಾಗೇ ಬಿಟ್ಟಿದ್ದೆ.

"ನಂಬರ್ ಯಾಕ್ರಿ? ಹೆಸರು ಹಾಕ್ರಿ."

ಅವಳು ಎದುರಿಗಿದ್ದ ಮಾವನನ್ನು ನೋಡಿ ತಲೆ ತಗ್ಗಿಸಿದಳು.

"ಹೋಗ್ಲಿ, ನಾ ಪರದೆ ಮ್ಯಾಲ ಹೆಸರಿನ ಚಿತ್ರ ಇಟ್ಟಿದ್ದೆನಲ್ಲ, ಅದನ್ನರ ಒತ್ರಿ."

"ತಗದ ಹಾಕೇನ್ರಿ ಅಣ್ಣಾರ" ಎಂದಳು ಸಣ್ಣ ದನಿಯಲ್ಲಿ. "ಮಾವಾರ ಹೆಸರಿನ ಮ್ಯಾಲ ಟಪ್ ಟಪ್ ಅಂತ ಎರಡ ಸಲ ಹೆಂಗ ಹೊಡೀಲ್ರಿ?"

ಮೊದಲು ನಕ್ಕವರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಗಂಡನಿಗೆ, "ಮಷೀನ್ ಆಕಿ ಮಾತ ಕೇಳವಲ್ದು ಅಂದ್ರಿ. ನಡುವ ಅಡ್ಡ ಕುಂತಾವ್ರು ನೀವs ನೋಡ್ರಿ!" ಎಂದರು.

ನಾನು ಸರ್ವರಿಗೆ ಹಳೆಯದರ ಜೊತೆಗೆ ಇನ್ನೊಂದು ಹೆಸರು ಕೊಟ್ಟೆ: ಮಾವಾರು. ಸೊಸೆ ಅದನ್ನು ಹಾಕಿದಳು, ಫೈಲುಗಳೆಲ್ಲ ಸಾಲಾಗಿ ಬಂದವು. ಬೇಕೆಂದೇ ಸರ್ವರನ್ನು ಮಲಗಿಸಿ ಎಬ್ಬಿಸಿದೆ. ಮತ್ತೆ ಬಂದವು. ಸಾಹುಕಾರರು ಗಂಟಲು ಸರಿಪಡಿಸಿಕೊಂಡು, "ಕುಂಡ್ರವಾ, ಕುರ್ಚಿ ನಿಂದs" ಎಂದರು. ಅವಳ ಮುಖ ನೋಡಿ ನನ್ನ ಓಡಾಟದ ದಣಿವೆಲ್ಲ ಇಳಿಯಿತು.

ಅತ್ತೆ ಮಾತ್ರ ಕದಲಲಿಲ್ಲ. "ಗಂಡನ ಹೆಸರು ಬಾಯಿಲೆ ಅನ್ನಬಾರ್ದು ಖರೆ. ಬೆರಳಿಲೆ ಒತ್ತಿದ್ರ?" ಎಂದು ಮೆಲ್ಲಗೆ ಕೇಳಿದರು.

"ಅದಕ್ಕ ಶಾಸ್ತ್ರದಾಗ ಏನೂ ಹೇಳಿಲ್ರಿ ಅಕ್ಕಾರ" ಎಂದರು ದಿವಾನಜಿ.

ಅತ್ತೆ ಸೊಸೆಯ ಪಕ್ಕ ಕುಳಿತರು. ಮದುವೆಯಾದಾಗಿನಿಂದ ತುಟಿಗೆ ತಾರದ ಹೆಸರನ್ನು, ಸೊಸೆ ತೋರಿಸಿದ ಅಕ್ಷರಗಳ ಮೇಲೆ ಒಂದೊಂದೇ ಬೆರಳಿಟ್ಟು, ಹೂ ಪೋಣಿಸಿದಷ್ಟು ಮೆತ್ತಗೆ ಒತ್ತಿದರು. ತಟ್ಟನೆ ತೆರೆಯಿತು. ಅತ್ತೆ ಬೆರಗಾಗಿ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಯವ್ವಾ! ಒಂದ ಸಲ ಕರದ್ರ ಬಂದ್ರಲ್ಲs! ಮನ್ಯಾಗ 'ಕೇಳಿಸ್ತೇನ್ರಿ' ಅಂತ ಹತ್ತ ಸಲ ಒದರಿದ್ರೂ ಹ್ಞಾಂ ಅನ್ನಂಗಿಲ್ಲ. ತಮ್ಮಾ, ಇದನ್ನ ನಮ್ಮ ಮನಿಗಿ ಕಳಿಸಿಬಿಡು. ಇವ್ರನ್ನ ಇಲ್ಲೇ ಮೂಲ್ಯಾಗ ಇಟ್ಟಬಿಡು."