ವೈರಿಲ್ಲದ ಡ್ರಿಲ್ಲು, ಪರದೆಯಿಲ್ಲದ ಕಿಟಕಿ

ಮನೆಯಲ್ಲಿ ಡ್ರಿಲ್ ಮಷೀನು ಇಟ್ಟುಕೊಂಡವನಿಗೆ ಆಗುವಷ್ಟು ಫಜೀತಿ ಆನೆ ಸಾಕಿದವನಿಗೂ ಆಗಲಾರದು. ನಾನು ಬಸ್ ಕಂಡಕ್ಟರು. ದಿನಾ ಎಂತೆಂಥ ಜನರನ್ನೋ ನೋಡುವವನು, ಸಣ್ಣಪುಟ್ಟದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬ್ಯಾಟರಿಯಲ್ಲಿ ಓಡುವ ಈ ವೈರಿಲ್ಲದ ಡ್ರಿಲ್ಲು ಕೊಂಡ ಮೇಲೆ ಏನು ನಡೆಯುತ್ತಿದೆ, ಯಾಕೆ ನಡೆಯುತ್ತಿದೆ ಅಂತ ಗೊತ್ತಾಗದೆ ಬಾಯಿ ಬಿಟ್ಟುಕೊಂಡು ನಿಂತದ್ದೇ ಹೆಚ್ಚು.

ಕೊಂಡದ್ದು ಒಂದೇ ಒಂದು ಪರದೆಗಾಗಿ. ಮಾಲೂರಿನ ನಮ್ಮ ಮನೆ ಮೊದಲು ದೊಡ್ಡದೊಂದು ಮನೆಯ ಅರ್ಧ. ಯಾವ ಕಾಲದಲ್ಲೋ ನಡುವೆ ಇಟ್ಟಿಗೆಯ ತೆಳು ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಇನ್ನರ್ಧದಲ್ಲಿ ಒಬ್ಬರು ಅಜ್ಜಿ. ಮುಂದಿನ ಜಗಲಿ ಮಾತ್ರ ಇಬ್ಬರಿಗೂ ಒಂದೇ. ನಮ್ಮ ನಡುಮನೆಗಿರುವ ಒಂದೇ ಕಿಟಕಿ ಆ ಜಗಲಿಗೆ ತೆರೆದುಕೊಳ್ಳುತ್ತದೆ. ಹಳೆಯ ಕಾಲದ ತಗ್ಗು ಕಿಟಕಿ, ಅದರ ನೆತ್ತಿ ನನ್ನ ಎದೆಯ ಮಟ್ಟಕ್ಕಿದೆ. ಅಜ್ಜಿ ಬೆಳಿಗ್ಗೆ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಅಲ್ಲಿ ಕೂತರೆ ನಮ್ಮ ಅಡಿಗೆಮನೆಯ ಒಲೆಯವರೆಗೂ ಕಾಣುತ್ತದೆ.

"ಏಮಮ್ಮಾ, ಇವತ್ತೂ ಬಸ್ಸಾರೇನಾ? ನಿನ್ನೇನೂ ಅದೇ ಇತ್ತಲ್ಲ?"

ಹೆಂಡತಿ ತಟ್ಟೆ ಹಿಡಿದುಕೊಂಡು ಬಚ್ಚಲ ಹತ್ತಿರ ಹೋಗಿ ಉಣ್ಣುವ ಸ್ಥಿತಿ ಬಂತು. ಒಂದು ದಿನ ಅತ್ತೇಬಿಟ್ಟಳು. "ನನ್ನ ಮನೇಲಿ ಒಂದು ತುತ್ತು ನೆಮ್ಮದಿಯಾಗಿ ತಿನ್ನಕ್ಕಾಗ್ತಿಲ್ಲ. ಆ ಕಿಟಕಿಗೆ ಪರದೆ ಹಾಕ್ಸಿ, ಇಲ್ಲಾಂದ್ರೆ ನನ್ನ ಮುಳಬಾಗಿಲಿಗೆ ಬಿಟ್ಟು ಬನ್ನಿ." ಮುಳಬಾಗಿಲು ಅವಳ ತವರು. ಎರಡು ತೂತು ಹಾಕಲು ಯಾವ ಕೆಲಸದವನೂ ಬರಲಿಲ್ಲ. ಕೋಲಾರಕ್ಕೆ ಹೋಗಿ ಡ್ರಿಲ್ಲನ್ನೇ ತಂದೆ.

ನಿಂಬೆಹಣ್ಣು

ಹೊಸದು ಏನು ತಂದರೂ ಕುರುಡುಮಲೆ ಗಣಪತಿಗೆ ತೋರಿಸದೆ ಬಳಸಬಾರದು ಅನ್ನುವುದು ಹೆಂಡತಿಯ ಕಡೆಯವರ ಪದ್ಧತಿ. ಹೋದೆವು. ನಮ್ಮ ಹಿಂದೆ ಹೊಸ ಸ್ಕೂಟರಿನವನೊಬ್ಬ ಹಾರ ಹಿಡಿದು ನಿಂತಿದ್ದ.

"ಗಾಡಿ ಎಲ್ಲಿ?" ಅಂದರು ಪೂಜೆಯವರು. ಬ್ಯಾಗಿನಿಂದ ಡ್ರಿಲ್ಲು ತೆಗೆದುಕೊಟ್ಟೆ. ಅವರು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಕುಂಕುಮ ಎಲ್ಲಿ ಇಡುವುದು, ಮುಖ ಯಾವುದು ಅನ್ನುವುದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊನೆಗೆ ಬ್ಯಾಟರಿಗೆ ಕುಂಕುಮ, ಹಿಡಿಗೆ ಹೂವು ಅಂತಾಯಿತು. ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ಗಾಡಿಯಾದ್ರೆ ಚಕ್ರದ ಕೆಳಗಿಡ್ತೀವಿ. ಇದಕ್ಕೆ ಚಕ್ರ ಇಲ್ವಲ್ಲ?"

"ಚಕ್ರ ಇಲ್ಲ ಸ್ವಾಮಿ, ಆದ್ರೆ ತಿರುಗ್ತದೆ" ಅಂದೆ.

"ಹಂಗಾದ್ರೆ ತಿರುಗ್ಸಿ" ಅಂದು ನಿಂಬೆಹಣ್ಣನ್ನು ಕಲ್ಲಿನ ಮೇಲಿಟ್ಟು, ಏನಾಗುತ್ತದೋ ನೋಡೋಣ ಅಂತ ಬಗ್ಗಿದರು. ನಾನು ಒತ್ತಿದೆ. ಹಣ್ಣು ಡ್ರಿಲ್ಲಿನ ಮೂತಿಯ ತೂತು ಕೊರೆಯುವ ಮೊಳೆಗೆ ಸಿಕ್ಕಿಕೊಂಡು ಗಿರಗಿರ ತಿರುಗಿತು. ಅವರ ಮುಖ, ನನ್ನ ಅಂಗಿ, ಹೆಂಡತಿಯ ರೇಷ್ಮೆ ಸೀರೆ ಯಾವುದನ್ನೂ ರಸ ಬಿಡಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಮಂತ್ರ ಮುಗಿಸಿದರು. ಹಿಂದಿದ್ದ ಸ್ಕೂಟರಿನವನು ಕೈ ಮುಗಿದ. "ಸ್ವಾಮೀ, ನಂದು ಚಕ್ರದ ಕೆಳಗೇ ಇಡಿ. ನೀವು ದೂರ ನಿಂತ್ಕೊಂಡ್ರೂ ಪರವಾಗಿಲ್ಲ."

ಅಜ್ಜಿಯ ಪ್ರಶ್ನೆ

ಮನೆಗೆ ತಂದು ಚಾರ್ಜಿಗೆ ಹಾಕಿದ್ದೇ ತಡ, ಕಿಟಕಿಯಿಂದ ಅಜ್ಜಿಯ ದನಿ.

"ಏಮಪ್ಪಾ, ವೈರಿಲ್ಲದ್ದು ಅಂತ ದುಡ್ಡು ಕೊಟ್ಟು ತಂದೆಯಲ್ಲ, ಮತ್ತೆ ಆ ವೈರು ಏನು?"

"ಅದು ಚಾರ್ಜರಿಂದು ಅಜ್ಜಿ."

"ವೈರು ಇದ್ದಿದ್ದು ತಂದಿದ್ರೆ?"

"ಅದಕ್ಕೂ ಒಂದು ವೈರು ಇರ್ತಿತ್ತು."

"ಮತ್ತೇನು ಉಳೀತು?"

ನಾನು ವೈರನ್ನು ಬೀರುವಿನ ಹಿಂದಕ್ಕೆ ಸರಿಸಿದೆ. ಏನು ಉಳೀತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಒಂದು ಡ್ರಿಲ್ಲು, ಮೂರು ಊರು

ಪರದೆಯ ಬಟ್ಟೆ ಹೊಲಿಗೆಗೆ ಹೋಗಿತ್ತು. ಅಷ್ಟರಲ್ಲಿ ನನ್ನ ಬಳಿ ಡ್ರಿಲ್ಲಿದೆ ಅನ್ನುವುದು ಊರಿಗೆಲ್ಲ ಗೊತ್ತಾಗಿಬಿಟ್ಟಿತು. ಶ್ರೀನಿವಾಸಪುರದಲ್ಲಿ ಒಬ್ಬ ಕಂಡಕ್ಟರ್ ಗೆಳೆಯನಿದ್ದಾನೆ. ಅವನದ್ದೂ ಇದೇ ಕಂಪನಿಯ ಡ್ರಿಲ್ಲು, ಬ್ಯಾಟರಿ ಕೈಕೊಟ್ಟಿದೆ. "ಬ್ಯಾಟರಿ ಮಾತ್ರ ಕೊಡು ಕಣೋ, ನಾಡಿದ್ದು ತಂದ್ಕೊಡ್ತೀನಿ" ಅಂದ. ಕೊಟ್ಟೆ. ಮರುದಿನ ನಾನು ಡ್ಯೂಟಿಯಲ್ಲಿದ್ದಾಗ ಮುಳಬಾಗಿಲಿನಿಂದ ಬಾಮೈದ ಬಂದು, ಅಕ್ಕನ ಕೈಯಿಂದ ಡ್ರಿಲ್ಲು ಈಸಿಕೊಂಡು ಹೋದ. ಸಂಜೆ ಅವನ ಫೋನು.

"ಭಾವ, ಇದು ತಿರುಗ್ತಾನೇ ಇಲ್ಲ."

"ಬ್ಯಾಟರಿ ಸರಿಯಾಗಿ ಕೂತಿದೆಯಾ ನೋಡೋ."

"ಯಾವ ಬ್ಯಾಟರಿ?"

"ಹಿಡಿ ಕೆಳಗೆ ಇರೋದು."

"ಹಿಡಿ ಕೆಳಗೆ ನೆಲ ಐತೆ ಭಾವ."

ಆಗ ನನಗೆ ಹೊಳೆಯಿತು. "ಲೇ, ಬ್ಯಾಟರಿ ಇಲ್ದೆ ಅದು ಹೆಂಗೆ ಓಡ್ತದೆ ಅಂತ ತಗೊಂಡು ಹೋದೆಯೋ?" ಅಂತ ರೇಗಿದೆ. ಅವನಿಗೂ ರೇಗಿತು. "ವೈರಿಲ್ದೆ ಓಡ್ತದೆ ಅಂದ್ರೆ ನಂಬಿದೆ. ಬ್ಯಾಟರಿ ಇಲ್ದೇನೂ ಓಡ್ತದೆ ಅಂದ್ಕೊಂಡೆ. ನಂದೇನು ತಪ್ಪು?"

ಹೀಗೆ ಡ್ರಿಲ್ಲು ಮುಳಬಾಗಿಲಿನಲ್ಲಿ, ಬ್ಯಾಟರಿ ಶ್ರೀನಿವಾಸಪುರದಲ್ಲಿ, ಚಾರ್ಜರ್ ಮಾಲೂರಿನಲ್ಲಿ, ಮೂರೂ ಹಾಯಾಗಿದ್ದವು. ಪರದೆ ಹೊಲಿದು ಬಂದು ಬೀರುವಿನಲ್ಲಿ ಕೂತಿತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ಅದನ್ನು ಊರಿಗೆ ಹೇಳಿದವರು ಅಜ್ಜಿ. ಕಿಟಕಿಯಿಂದ ನೋಡಿದ್ದರಲ್ಲ.

ಬ್ಯಾಗು

ಕೊನೆಗೆ ಗೆಳೆಯ ಬ್ಯಾಟರಿಯನ್ನು ಬಾಮೈದನಿಗೆ ಮುಟ್ಟಿಸಿದ, ಬಾಮೈದ ತನ್ನ ಕೆಲಸ ಮುಗಿಸಿ, ಎರಡನ್ನೂ ಸೇರಿಸಿ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಕೊಟ್ಟ. ಬ್ಯಾಗಿಗೆ ಹಾಕಿ, ಬಸ್ಸಿನ ಮುಂದಿನ ಸೀಟಿನ ಕಾಲ ಬಳಿ ಇಟ್ಟು, ಮಾಲೂರಿಗೆ ರೈಟ್ ಹೇಳಿದೆ.

ವಕ್ಕಲೇರಿ ಹತ್ತಿರ ಬರುವಾಗ ಗುರ್ರ್ ಅಂತ ಶಬ್ದ ಶುರುವಾಯಿತು. ಡ್ರೈವರ್ ಗೇರು ಬದಲಾಯಿಸಿದರು, ಹೋಗಲಿಲ್ಲ. ಬ್ರೇಕು ಹಾಕಿದರು, ಹೋಗಲಿಲ್ಲ. ಬಸ್ಸು ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದರು. ಶಬ್ದ ಇನ್ನೂ ಜೋರಾಗಿ ಕೇಳಿಸಿತು.

ಡ್ರೈವರ್ ಕೀ ಕಿತ್ತು ಅಂಗೈ ಮೇಲಿಟ್ಟುಕೊಂಡು ನನ್ನನ್ನು ನೋಡಿದರು. "ಕೀ ನನ್ನ ಕೈಲೈತೆ. ಇಂಜಿನ್ನು ಓಡ್ತೈತೆ. ಏನ್ರೀ ಇದು?"

ಜನ ದಬದಬ ಇಳಿದರು. ಮುಂದಿನ ಸೀಟಿನಲ್ಲಿದ್ದ ರೈತರೊಬ್ಬರು ತಮ್ಮ ಎಲೆಕೋಸಿನ ಮೂಟೆ ಬಿಟ್ಟು ಇಳಿಯಲು ಮನಸ್ಸಾಗದೆ ಅದನ್ನೂ ಎತ್ತಿಕೊಂಡರು. ಶಬ್ದ ನಿಂತಿತು. ನಿಂತಿತಲ್ಲ ಅಂತ ಅವರು ಮೂಟೆ ಇಳಿಸಿದರು. ಮತ್ತೆ ಗುರ್ರ್! ಎತ್ತಿದರು, ನಿಂತಿತು. ಬಳೆ ವ್ಯಾಪಾರದ ಸಾಬರೊಬ್ಬರು ಬಾಗಿಲಲ್ಲಿ ನಿಂತು, "ಅರೆ ಕ್ಯಾ ಜೀ, ಕೋಸಿಗೂ ಇಂಜಿನ್ ಬಂತಾ?" ಅಂದರು. ನಾನು ಮೂಟೆಯ ಕೆಳಗಿದ್ದ ನನ್ನ ಬ್ಯಾಗನ್ನು ಮೆಲ್ಲಗೆ ಎಳೆದುಕೊಂಡು, ಬ್ಯಾಟರಿ ಕಳಚಿ ಜೇಬಿಗೆ ಹಾಕಿದೆ.

ಇವತ್ತಿಗೂ ನಾನು ರೈಟ್ ಅಂದರೆ ಆ ಡ್ರೈವರ್ ತಿರುಗಿ ನೋಡುತ್ತಾರೆ. "ಮೊದ್ಲು ಹೇಳ್ರಿ, ಇವತ್ತು ಬಸ್ಸಲ್ಲಿ ಎಷ್ಟು ಇಂಜಿನ್ ಐತೆ?"

ಪರದೆ

ಭಾನುವಾರ. ಡ್ರಿಲ್ಲು, ಬ್ಯಾಟರಿ, ಚಾರ್ಜರ್ ಮೂರೂ ಒಂದೇ ಮನೆಯಲ್ಲಿ. ಹೆಂಡತಿ ಬೀರುವಿನಿಂದ ಪರದೆ ತೆಗೆದು ಹೆಗಲ ಮೇಲೆ ಹಾಕಿಕೊಂಡು ನಿಂತಳು. ಕಿಟಕಿ ಸರಿಯಾಗಿ ಮೂಲೆಯಲ್ಲಿರುವುದರಿಂದ ಪರದೆ ಕಂಬಿಯ ಒಂದು ತುದಿಯನ್ನು ಅಜ್ಜಿ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆಗೇ ಕೂರಿಸಬೇಕು. ಅಲ್ಲಿ ಗುರುತು ಹಾಕಿ ಒತ್ತಿದೆ.

ಡ್ರಿಲ್ಲು ತಿರುಗಿತು. ಗೋಡೆಗೆ ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಸುಣ್ಣ ಬಿಸಿಯಾಗಿ ವಾಸನೆ ಬಂತೇ ಹೊರತು ತೂತು ಬೀಳಲಿಲ್ಲ.

"ಗಟ್ಟಿ ಗೋಡೆ ಅಬ್ಬಯ್ಯ, ನಮ್ಮ ಯಜಮಾನ್ರು ಕಟ್ಟಿಸಿದ್ದು" ಅಂತ ಅಜ್ಜಿ ಕಿಟಕಿಯಿಂದ ಹೆಮ್ಮೆಪಟ್ಟರು. ತಮಗೇ ಪರದೆ ಬೀಳುತ್ತಿದೆ ಅನ್ನುವ ಬೇಸರವೇ ಅವರಿಗಿರಲಿಲ್ಲ. "ಆದ್ರೂ ಹಿಂಗೆ ಅದುರ್ತಾ ಐತಲ್ಲ, ನಮ್ಮನೇಲಿ ದೇವರ ಪಟ ಬೀಳ್ತದೇನೋ ನೋಡ್ಕೊಂಡು ಬತ್ತೀನಿ" ಅಂತ ಎದ್ದು ಹೋದರು.

ನಾನು ಬೆವರು ಒರೆಸಿಕೊಳ್ಳಲು ನಿಲ್ಲಿಸಿದೆ. ಹೆಂಡತಿ ಬಗ್ಗಿ ನೋಡಿದಳು. "ಇದೇನ್ರೀ, ಈ ಪಕ್ಕ ಒಂದು ಗುಂಡಿ ಹೊರಗೆ ಬಂದ್ಬಿಟ್ಟಿದೆ?" ಅಂತ ಅದನ್ನು ಒಳಗೆ ಒತ್ತಿದಳು. ಅದು ಹಿಂದಕ್ಕೆ ಮುಂದಕ್ಕೆ ತಿರುಗಿಸುವ ಗುಂಡಿ. ಬಾಮೈದ ಯಾವುದೋ ಬಾಗಿಲಿನ ಸ್ಕ್ರೂ ಬಿಚ್ಚಲು ಹಿಂದಕ್ಕೆ ಹಾಕಿ ಹಾಗೇ ಕೊಟ್ಟಿದ್ದ. ಜೊತೆಗೆ ಗೇಣುದ್ದದ ತನ್ನ ಮೊಳೆಯನ್ನೂ ಅದರಲ್ಲೇ ಬಿಟ್ಟಿದ್ದ. ಆಗ ಇದೊಂದೂ ನನಗೆ ಗೊತ್ತಿರಲಿಲ್ಲ. ಈ ಸಲ ಬಿಡುವುದಿಲ್ಲ ಅಂತ ಹಲ್ಲು ಕಚ್ಚಿ, ಭುಜ ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ.

ಬೆಣ್ಣೆಗೆ ಹೋದ ಹಾಗೆ ಹೋಯಿತು. ನನ್ನ ಮೂಗು ಗೋಡೆಗೆ ಬಡಿಯಿತು.

ಆಚೆಯಿಂದ ಅಜ್ಜಿಯ ದನಿ. "ಏಮಪ್ಪಾ, ನಮ್ಮ ಗೋಡೇಲಿ ಒಂದು ಕಬ್ಬಿಣ ತಿರುಗ್ತಾ ಐತೆ. ನಿಂದೇನಾ?"

ಓಡಿಹೋಗಿ ನೋಡಿದೆ. ಅಜ್ಜಿಗೆ ಏನೂ ಆಗಿರಲಿಲ್ಲ, ಪಟವೂ ಬಿದ್ದಿರಲಿಲ್ಲ. ಬೆರಳು ತೂರುವಷ್ಟು ಒಂದು ತೂತು ಮಾತ್ರ. ಇವತ್ತೇ ಸಿಮೆಂಟ್ ಮೆತ್ತಿಕೊಡುತ್ತೇನೆ ಅಂದೆ. "ಇರ್ಲಿ ಬಿಡಪ್ಪಾ, ಏನವಸರ?" ಅಂದುಬಿಟ್ಟರು. ಎಂಥ ದೊಡ್ಡ ಮನಸ್ಸು ಅಂತ ನನಗೆ ಕಣ್ಣು ತುಂಬಿ ಬಂತು.

ಚಿಕ್ಕ ಮೊಳೆ ಹಾಕಿ, ಒಂದಂಗುಲ ಮೇಲೆ ಬೇರೆ ತೂತು ಮಾಡಿ, ಅಂತೂ ಕಂಬಿ ಕೂರಿಸಿದೆ. ಹೆಂಡತಿ ಪರದೆ ಏರಿಸಿ ಎರಡೂ ಕಡೆಯಿಂದ ಎಳೆದಳು. ನಡುಮನೆ ಕತ್ತಲಾಯಿತು. ಎಷ್ಟೋ ಕಾಲದ ಮೇಲೆ ಅವಳು ನಕ್ಕಳು. ತಟ್ಟೆಗೆ ಮುದ್ದೆ ಹಾಕಿಕೊಂಡು, ಕಾಲು ಚಾಚಿ, ಗೋಡೆಗೆ ಒರಗಿ ಕೂತಳು.

"ಅಬ್ಬ! ಇನ್ನು ನಾನು ಏನು ತಿಂತೀನಿ ಅಂತ ಯಾರಿಗೂ ಕಾಣಲ್ಲ."

ಅವಳ ತಲೆಯ ಮೇಲೆ, ಗೋಡೆಯೊಳಗಿನಿಂದ ದನಿ ಬಂತು.

"ಹೂಂ ಕಣಮ್ಮ, ಏನೂ ಕಾಣ್ತಿಲ್ಲ. ಆ ಪರದೆ ಚೂರು ಸರ್ಸು."