ವೆನಿಯಾಮಿನನ ಕೂಗುಮಾರಿ

"ಇನ್ನು ಮೇಲೆ ನನ್ನ ಕಾರಿನ ಮೇಲೆ ಗುಬ್ಬಿ ಕೂರಬೇಕಾದ್ರೂ ನನ್ನ ಅಪ್ಪಣೆ ಬೇಕು!"

ವೆನಿಯಾಮಿನ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ರಯೀಸಾ ಎಲೆಕೋಸು ಹೆಚ್ಚುತ್ತಿದ್ದಳು. ರಷ್ಯಾದ ಪೆರ್ಮ್ ಊರಿನ ಬಾಯ್ಲರ್ ಕಾರ್ಖಾನೆಯಲ್ಲಿ ಮೂರು ಮುಷ್ಕರ ನಡೆಸಿದ ಮನುಷ್ಯ. ನಿವೃತ್ತನಾದ ಮೇಲೆ ಘೋಷಣೆ ಕೇಳಲು ಉಳಿದಿದ್ದವಳು ಅವಳೊಬ್ಬಳೇ.

"ಹದಿನೆಂಟು ವರ್ಷದ ಲಾಡಾ ಕಾರು ಅದು. ಕದಿಯೋಕೆ ಬಂದವನ ಕೈಗೆ ನಾವೇ ಏನಾದ್ರೂ ಕೊಟ್ಟು ಕಳಿಸ್ಬೇಕು," ಎಂದಳು.

ಯಾರು ಮುಟ್ಟಿದರೂ ಕೂಗುವ ಕಾರಿನ ಅಲಾರಂ ಬಂತು. ಅದರ ಸೈರನ್ನನ್ನು ಬಾನೆಟ್ಟಿನೊಳಗೆ, ಗಾಜು ತೊಳೆಯುವ ನೀರಿನ ಡಬ್ಬದ ಹಿಂದೆ, ಯಾವ ಕಳ್ಳನ ಕೈಯೂ ಹೋಗದ ಸಂದಿಯಲ್ಲಿ ವೆನಿಯಾಮಿನ್ ತಾನೇ ಬಿಗಿದ. ಜೊತೆಗೆ ಹನ್ನೊಂದು ಮಡಿಕೆಯ ಸೂಚನೆಯ ಹಾಳೆಯೂ ಬಂದಿತ್ತು.

"ಓದ್ಲಿಲ್ವಾ?" ಎಂದಳು ರಯೀಸಾ.

"ಕಾರ್ಮಿಕ ಕಾಯ್ದೆ ಇಡೀ ಬಾಯಿಪಾಠ ಮಾಡ್ದೋನು ನಾನು. ಈ ಚೀಟಿ ಓದ್ಬೇಕಾ?"

ಮೊದಲ ಭಾನುವಾರವೇ ಹೆಂಗಸರು ಜಮಖಾನೆಗಳನ್ನು ಅಂಗಳದ ಹಿಮದ ಮೇಲೆ ಹಾಸಿ ಬಡಿಯತೊಡಗಿದರು. ಒಂದು ಏಟಿಗೆ ಕಾರಿನಿಂದ ಒಂದು ಕೂಗು! ಹನ್ನೊಂದನೇ ಕೂಗಿಗೆ ಆ ಕಟ್ಟಡದ ಹಿರಿಯಳು ಕ್ಲಾವಕ್ಕ ಜಮಖಾನೆ ಬಡಿಯುವ ಬೆತ್ತ ಹಿಡಿದೇ ಬಾಗಿಲಿಗೆ ಬಂದಳು.

"ವೆನಿಯಾಮಿನ್, ಇನ್ನೊಂದ್ಸಲ ಇದು ಬಾಯಿ ತೆಗೀತೋ, ನಿನ್ನ ಗಾಡಿ ರೈಲು ಹಳಿ ಆಚೆ ಗ್ಯಾರೇಜಿಗೆ. ಅಡುಗೆಮನೆ ಕಿಟಕಿ ಕೆಳಗಿನ ಜಾಗ ಮರೆತುಬಿಡು."

ಆ ಜಾಗಕ್ಕಾಗಿ ವೆನಿಯಾಮಿನ್ ಆರು ವರ್ಷ ಕಾದಿದ್ದ. ಚಹಾದ ಲೋಟ ಹಿಡಿದು, ಮೇಲಿನಿಂದ ಕಾರನ್ನು ನೋಡುವುದೇ ಅವನ ಪಿಂಚಣಿಯ ಸುಖ. ಗ್ಯಾರೇಜೋ, ಕೊರೆಯುವ ಚಳಿಯಲ್ಲಿ ನಲವತ್ತು ನಿಮಿಷದ ನಡಿಗೆ.

ಅಲಾರಮ್ಮನ್ನು ಹದಕ್ಕೆ ತರಲು ಒಬ್ಬ ಕಳ್ಳ ಬೇಕಿತ್ತು. ರಯೀಸಾಳನ್ನು ನೇಮಿಸಿಕೊಂಡ.

"ಬಾನೆಟ್ಟಿಗೆ ಗುದ್ದು."

"ಹ್ಯಾಗೆ?"

"ಕಳ್ಳನ ಹಾಗೆ."

"ನಾನ್ಯಾವತ್ತು ಕಳ್ಳತನ ಮಾಡಿದೀನಿ? ನಿನ್ನ ಮುಖ ನೆನೆಸ್ಕೊಂಡು ಗುದ್ಲಾ?"

ನೆನೆಸಿಕೊಂಡೇ ಗುದ್ದಿದಳು. ಬಾನೆಟ್ಟು ತಗ್ಗಿತು. ಸೀಟಿನ ಬಳಿಯ ಅಲಾರಂ ಪೆಟ್ಟಿಗೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಿರುಗಿಸುತ್ತಾ ಸಂಜೆಯ ಹೊತ್ತಿಗೆ ಜಮಖಾನೆಯ ಏಟಿಗೆ ಜಗ್ಗದೆ, ರಯೀಸಾಳ ಗುದ್ದಿಗೆ ಮಾತ್ರ ಕೂಗುವಂತಾಯಿತು.

ಮುಂದಿನ ಶನಿವಾರ ಮಧ್ಯಾಹ್ನ ರೇಡಿಯೊ ಹೇಳಿತು: ರಾತ್ರಿ ಸೊನ್ನೆಗಿಂತ ಮೂವತ್ತಮೂರು ಡಿಗ್ರಿ ಕೆಳಗೆ. ಅಂಥ ಚಳಿಯಲ್ಲಿ ಆ ಅಂಗಳದ ಗಂಡಸರೆಲ್ಲ ಮಾಡುವುದನ್ನೇ ವೆನಿಯಾಮಿನನೂ ಮಾಡಿದ. ತುಪ್ಪಳದ ಟೋಪಿಯ ಕಿವಿಗಳನ್ನು ಗದ್ದದ ಕೆಳಗೆ ಬಿಗಿದು ಕಟ್ಟಿ, ಚಳಿಗೆ ಸತ್ತುಹೋಗದಿರಲೆಂದು ಬ್ಯಾಟರಿ ಕಳಚಿ, ಕೂಸಿನಂತೆ ಎದೆಗವಚಿಕೊಂಡು ನಾಲ್ಕು ಮಹಡಿ ಹತ್ತಿದ. ಹತ್ತುವಾಗ ಎಲ್ಲೋ ಏನೋ ಕೂಗಿದಂತಿತ್ತು. ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ ಹಳೇ ಪೇಪರು ಹಾಸಿ ಬ್ಯಾಟರಿ ಮಲಗಿಸಿ, ಟೋಪಿ ಬಿಚ್ಚಿದ. ಕೂಗು ಕಿವಿ ಸೀಳಿತು!

"ಯಾವ ಅಯೋಗ್ಯನ ಗಾಡಿನೇ ಇದು?"

ಕಿಟಕಿಯಲ್ಲಿ ಬಗ್ಗಿ ನೋಡಿದ. ಕೂಗುವ ಕಾರಿನ ದೀಪ ಮಿಣುಕಬೇಕು. ಯಾವುದರದೂ ಮಿಣುಕುತ್ತಿಲ್ಲ. ಅವನ ಲಾಡಾ ಅಂತೂ ಧ್ಯಾನಕ್ಕೆ ಕೂತ ಸನ್ಯಾಸಿ.

"ನೋಡು, ನನ್ನದು ಹೆಂಗಿದೆ! ಹದ ಅಂದ್ರೆ ಇದು."

ಇಪ್ಪತ್ತು ನಿಮಿಷವಾದರೂ ಕೂಗು ನಿಲ್ಲಲಿಲ್ಲ. ಮುಷ್ಕರದ ರಕ್ತ ಕುದಿಯಿತು. ಕೆಳಗಿಳಿದ. ಕೂಗು ಗೋಡೆಗೋಡೆಗೂ ಬಡಿದು ಯಾವ ಗಾಡಿಯದೆಂದೇ ತಿಳಿಯದೆ, ಕ್ಲಾವಕ್ಕನ ಸುತ್ತ ಎಂಟು ಜನ ಕಿವಿ ಮುಚ್ಚಿಕೊಂಡು ನಿಂತಿದ್ದರು. ಮುಖಂಡನಿಲ್ಲದ ಜನ! ವೆನಿಯಾಮಿನ್ ಹಾಳೆ ತರಿಸಿ ಠರಾವು ಬರೆಸಿದ: "ಈ ಗಾಡಿಯ ಮಾಲೀಕ ಯಾರೇ ಆಗಿರಲಿ, ಅದನ್ನು ಇಂದೇ ರೈಲು ಹಳಿಯಾಚೆಯ ಗ್ಯಾರೇಜಿಗೆ ಸಾಗಿಸತಕ್ಕದ್ದು. ಯಾವ ಸಬೂಬಿಗೂ ಅವಕಾಶವಿಲ್ಲ."

"ಪಾಪ, ಯಾರೋ ಗೊತ್ತಿಲ್ದೆ..." ಎಂದಳು ಕ್ಲಾವಕ್ಕ.

"ಪಾಪ ಅಂದೂ ಅಂದೂ ತೊಂಬತ್ತೆಂಟರ ಮುಷ್ಕರ ಸೋತ್ವಿ, ಕ್ಲಾವಕ್ಕ!" ಎಂದು ಮೊದಲ ಸಹಿ ಜಡಿದ. ಉಳಿದವರೂ ಹಾಕಿದರು.

ಅಷ್ಟರಲ್ಲಿ ರಯೀಸಾ ಮನೆಯ ಚಪ್ಪಲಿಯಲ್ಲೇ ಓಡಿಬಂದು ಸೂಚನೆಯ ಹಾಳೆ ಚಾಚಿದಳು. "ವೇನ್ಯಾ, ಏಳನೇ ಮಡಿಕೆ ಓದು."

ಕೈಗೆ ಕಾಗದ ಬಂದರೆ ಜನಕ್ಕೆ ಕೇಳುವಂತೆ ಓದುವುದು ಅವನ ಹಳೇ ಚಾಳಿ. "ಕಳ್ಳನು ಬ್ಯಾಟರಿಯನ್ನು ಕಿತ್ತೊಯ್ದರೂ ಸೈರನ್ ಒಂದು ನಿಮಿಷ ಬಿಟ್ಟು ತನ್ನೊಳಗಿನ ಪುಟ್ಟ ಬ್ಯಾಟರಿಯಿಂದ ಕೂಗು..."

ಅಲ್ಲಿಗೆ ದನಿ ನಿಂತಿತು. ಅವನದು ಮಾತ್ರ.

ಕ್ಲಾವಕ್ಕ ಕೈಗವಸು ಕಳಚಿ ಲಾಡಾದ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ನಡುಗ್ತಿದೆ. ಗಾಡಿ ಸುಳ್ಳು ಹೇಳ್ತಿಲ್ಲ ಕಣೋ. ಬ್ಯಾಟರಿ ಕದ್ದೋನು ಇಲ್ಲೇ ಠರಾವು ಬರೆಸ್ತಿದಾನೆ. ಸೈರನ್ನಿಗೆ ಕೀಲಿಕೈ ಅಂತ ಇಲ್ವಾ?"

"ಇದೆ."

"ತಿರುಗ್ಸು ಮತ್ತೆ!"

ಬಾನೆಟ್ಟು ತೆರೆದು ತೂರಿಸಿದ ಕೈ ಮಣಿಕಟ್ಟಿನವರೆಗೆ ಹೋಯಿತು. ಅಲ್ಲಿಂದಾಚೆ ಯಾವ ಕಳ್ಳನ ಕೈಯೂ ಹೋಗದು. ಮತ್ತೆ ನಾಲ್ಕು ಮಹಡಿ ಹತ್ತಿ, ಬ್ಯಾಟರಿ ಹೊತ್ತು ತಂದು ಕೂಡಿಸಿ, ರಿಮೋಟು ಒತ್ತಿದ ಮೇಲೆಯೇ ಕೂಗುಮಾರಿ ಸುಮ್ಮನಾದದ್ದು.

ಹಾಕಿದ ಸಹಿಯನ್ನು ವೆನಿಯಾಮಿನ್ ಜನ್ಮದಲ್ಲಿ ಹಿಂತೆಗೆದುಕೊಂಡವನಲ್ಲ. ಇವತ್ತೊಂದು ದಿನ ತೆಗೆದುಕೊಂಡರೆ ಹೇಗೆ ಎಂದು ಬಾಯಿ ತೆರೆದ. ಕ್ಲಾವಕ್ಕ ಠರಾವು ಓದುತ್ತಿದ್ದಳು.

"'ಯಾವ ಸಬೂಬಿಗೂ ಅವಕಾಶವಿಲ್ಲ.' ಎಷ್ಟು ಚೆಂದ ಬರೆಸಿದೀಯೋ!" ಎಂದು ಮಡಚಿ ಕೋಟಿನ ಜೇಬಿಗಿಟ್ಟಳು.

ಈಗ ಲಾಡಾ ರೈಲು ಹಳಿಯಾಚೆ ಇದೆ. ಬ್ಯಾಟರಿ ದಿನಾ ಹಿಮಬಂಡಿಯಲ್ಲಿ ಕೂತು ಹೋಗಿ ಬರುತ್ತದೆ, ವೆನಿಯಾಮಿನ್ ಎಳೆಯುತ್ತಾನೆ. ಕಿಟಕಿಯ ಕೆಳಗಿನ ಜಾಗದಲ್ಲಿ ಭಾನುವಾರ ಹೆಂಗಸರು ಜಮಖಾನೆ ಬಡಿಯುತ್ತಾರೆ. ಯಾರು ಎಷ್ಟು ಬಡಿದರೂ ಚಹಾ ಹಿಡಿದು ನಿಂತ ವೆನಿಯಾಮಿನ್ ಜಗ್ಗುವುದಿಲ್ಲ. ರಯೀಸಾಳ ಏಟು ಬಿದ್ದಾಗ ಮಾತ್ರ ಬೆಚ್ಚಿ ಚಹಾ ಚೆಲ್ಲಿಕೊಳ್ಳುತ್ತಾನೆ. ಎಷ್ಟೆಂದರೂ ಅವಳ ಕೈಗೇ ಹದಮಾಡಿದ್ದಲ್ಲವೇ!