ಇಲ್ಲಿ ಎಲ್ಲ ಕೆಲಸವೂ ಲಿನಕ್ಸ್‌ನಲ್ಲೇ

ಕೆಲವರಿಗೆ ದಾರಿಯಲ್ಲಿ ಎಡವುವ ಕಲ್ಲು ಸಿಗುತ್ತದೆ. ನಾನು ಮನೆಯಿಂದಲೇ ಕಲ್ಲು ಒಯ್ದು, ದಾರಿಯಲ್ಲಿಟ್ಟು, ಎಡವಿ ಬರುವ ಪೈಕಿ. ಹಾಗಾಗಿ ನನ್ನ ನಗೆಪಾಟಲಿನ ಪ್ರಸಂಗಗಳಿಗೆ ಬೇರೆಯವರನ್ನು ದೂರುವಂತೆಯೇ ಇಲ್ಲ ನೋಡ್ರಿ.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಕರಪತ್ರ, ಝೆರಾಕ್ಸ್. ಮಾಲೀಕ ನಾನು, ಕೆಲಸ ಮಾಡುವವಳು ನನ್ನ ಹೆಂಡತಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ನನಗೆ ಲಿನಕ್ಸ್ ಹಿಡಿಯಿತು. ‘ಹಿಡಿಯಿತು’ ಅನ್ನೋದು ನಮ್ಮ ಅತ್ತೆಯವರ ಮಾತು. ಅವರು ಯಾರ ಹತ್ತಿರವೋ ತಾಯತವನ್ನೂ ಕೇಳಿದ್ದರಂತೆ.

ಎಲ್ಲರ ಕಂಪ್ಯೂಟರನ್ನೂ ನಡೆಸುತ್ತಿದ್ದದ್ದು ಒಂದು ದೊಡ್ಡ ಕಂಪನಿಯ ವ್ಯವಸ್ಥೆ. ಲಿನಕ್ಸ್ ಹಾಗಲ್ಲ, ಜಗತ್ತಿನ ಮಂದಿ ಕೂಡಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದರ ಮೇಲೆ ಕಣ್ಣಿಗೆ ಕಾಣುವ ಪರದೆ, ಚಿತ್ರ, ಪಟ್ಟಿ, ಗುಂಡಿ ಇವೆಲ್ಲ ಸೇರಿದರೆ ಡೆಸ್ಕ್‌ಟಾಪು. ಅದು ಮುಂದೆ ಹೇಗಿರಬೇಕು ಅಂತ ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದಿತ್ತು. ಅಭಿಪ್ರಾಯ ಹೇಳಲು ಕಾಸು ಬೇಡ, ಕೆಲಸ ಬರುವುದೂ ಬೇಡ ಅಂದರೆ ನನ್ನಂಥವನನ್ನು ಹಿಡಿಯುವವರು ಯಾರು?

ಅಂಗಡಿಯ ಮೇಲೆ ದೊಡ್ಡ ಫ್ಲೆಕ್ಸ್ ಬೋರ್ಡು ಬಂತು: ‘ಇಲ್ಲಿ ಎಲ್ಲ ಕೆಲಸವೂ ಲಿನಕ್ಸ್‌ನಲ್ಲೇ!’ ಮಾತು ನನ್ನದು, ಅಕ್ಷರ ಜೋಡಿಸಿದವಳು ಹೆಂಡತಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿ ಹುಡುಕಿದರೂ ಅಂಥ ಬೋರ್ಡು ಇನ್ನೊಂದಿರಲಿಲ್ಲ. ನನ್ನ ಮಾನ ಮರ್ಯಾದೆ ಎಲ್ಲ ಆ ಬೋರ್ಡಿನ ಮೊಳೆಗೇ ನೇತುಬಿದ್ದಿತ್ತು.

ಕಂಪನಿಯ ವ್ಯವಸ್ಥೆಯನ್ನು ಒರೆಸಿಹಾಕಲು ನಾನು ತಯಾರಾದಾಗ ಹೆಂಡತಿ ಮಾತ್ರ, “ಇರ್ಲಿ ಬಿಡ್ರಿ, ಒಂದು ಮೂಲ್ಯಾಗ ಬಿದ್ದಿರ್ಲಿ. ಅದೇನು ಊಟ ಕೇಳ್ತೈತಾ?” ಅಂದಿದ್ದಳು. ಗೆದ್ದವನು ಉದಾರಿಯಾಗಿರಬೇಕು ಅಂತ ನಾನೂ ಬಿಟ್ಟೆ.

ಪುಕ್ಕಟ್ಟೆ

ತಂಬ್ರಹಳ್ಳಿ ಕಡೆಯ ಒಬ್ಬ ಯಜಮಾನರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಬೋರ್ಡು ನೋಡಿ, “ಇದೇನ್ರಿ ಇದು?” ಅಂದರು. ಕೇಳಬಾರದಿತ್ತು, ಕೇಳಿಬಿಟ್ಟರು.

ಕುರ್ಚಿ ಕೊಟ್ಟು ಕೂಡಿಸಿ ಶುರು ಮಾಡಿದೆ. ಕಂಪನಿಯ ಗುಲಾಮಗಿರಿ, ಬಳಸುವವನ ಸ್ವಾತಂತ್ರ್ಯ, ಜಗತ್ತಿನ ಮಂದಿ ಕೂಡಿ ಕಟ್ಟಿ ಪುಕ್ಕಟ್ಟೆ ಹಂಚುವ ದೊಡ್ಡ ಮನಸ್ಸು. ಚಾ ಎರಡು ಸಲ ಬಂತು. ಹೊರಗೆ ಅವರನ್ನು ಕರೆತಂದ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಯಜಮಾನರು ಪಾಪ, ಪುರಾಣ ಕೇಳುವ ಹಾಗೆ ಟವೆಲ್ಲು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ನನಗಂತೂ ಒಬ್ಬ ಶಿಷ್ಯ ಸಿಕ್ಕ ಎನ್ನುವ ಆನಂದ.

“ತಿಳೀತೇನ್ರಿ?” ಅಂದೆ.

“ಬೇಷ್ ತಿಳೀತ್ರಿ. ನಿಮಗ ಎಲ್ಲಾ ಪುಕ್ಕಟ್ಟೆ ಬಂದೈತಿ, ನಮಗ ಮಾತ್ರ ರೊಕ್ಕಕ್ಕ ಕೊಡ್ತೀರಿ. ಇಷ್ಟು ಹೇಳಾಕ ಇಷ್ಟೊತ್ತು ಬೇಕಾತೇನ್ರಿ?”

ಅವರು ಹೋದ ಮೇಲೆ ಹೆಂಡತಿ, “ಸ್ವಾತಂತ್ರ್ಯ ಸಾಕು, ಮೊದ್ಲ ಆ ಎರಡನೇ ಚಾದ ರೊಕ್ಕ ಕೊಟ್ಟು ಬರ್ರಿ” ಅಂದಳು.

ಬಸ್ಸಿನ ಬಹುಮತ

ನನ್ನ ಹಾಗೇ ಹಿಡಿಸಿಕೊಂಡವರು ಇನ್ನೂ ಮೂವರು ಸಿಕ್ಕರು. ಕೂಡ್ಲಿಗಿಯ ವಿಜ್ಞಾನದ ಮೇಷ್ಟ್ರು, ಹಡಗಲಿಯ ಬ್ಯಾಂಕಿನವರು, ಹಗರಿಬೊಮ್ಮನಹಳ್ಳಿಯ ಗೊಬ್ಬರದಂಗಡಿಯವರು. ಎಲ್ಲರಿಗೂ ನಡುವಿನ ಊರು ಅಂತ ಭಾನುವಾರ ಕೊಟ್ಟೂರಿನಲ್ಲಿ ಸಭೆ. ಒಗ್ಗರಣಿ-ಮಿರ್ಚಿ ಹೋಟೆಲಿನ ಒಳಗಿನ ಟೇಬಲ್ಲಿನಲ್ಲಿ ನಾವು ಜಗತ್ತಿನ ಡೆಸ್ಕ್‌ಟಾಪಿನ ಭವಿಷ್ಯ ತೀರ್ಮಾನ ಮಾಡುತ್ತಿದ್ದೆವು.

ಆಗ ನಮ್ಮ ಡೆಸ್ಕ್‌ಟಾಪಿನ ಹೊಸ ಆವೃತ್ತಿ ಬರುವುದರಲ್ಲಿತ್ತು. ಅದರಲ್ಲಿ ಹಳೆಯ ಸೆಟ್ಟಿಂಗುಗಳನ್ನೆಲ್ಲ ಕಿತ್ತುಹಾಕಿ ಪರದೆಯನ್ನು ಸರಳ ಮಾಡುತ್ತಾರಂತೆ. ಮೇಷ್ಟ್ರು ಇದರ ಕಡು ವಿರೋಧಿ. “ಬಳಸಾವ್ನಿಗೆ ಬೇಕಾದಂಗ ಬದಲಾಯಿಸಿಕೊಳ್ಳಾಕ ಬರಬೇಕ್ರಿ. ಇಲ್ಲಂದ್ರ ಅದು ಡೆಸ್ಕ್‌ಟಾಪಲ್ಲ, ಜೈಲು!” ನಾನು ಹೊಸದರ ಪರ. “ಮಂದಿ ಸೆಟ್ಟಿಂಗ್ ಮುಟ್ಟಾದಿಲ್ರಿ ಮೇಷ್ಟ್ರ. ಮುಟ್ಟದ ವಸ್ತು ಯಾಕಿರಬೇಕು?” ಬ್ಯಾಂಕಿನವರು ನನ್ನ ಕಡೆ. ಗೊಬ್ಬರದವರು ಮಿರ್ಚಿ ಕಡೆ.

ಮತಕ್ಕೆ ಹಾಕಬೇಕು ಅನ್ನುವಷ್ಟರಲ್ಲಿ ಹಡಗಲಿ ಬಸ್ಸು ಬರುತ್ತಿತ್ತು, ಬ್ಯಾಂಕಿನವರು ಎದ್ದೋಡುತ್ತಿದ್ದರು. ಆಮೇಲೆ ಗೊಬ್ಬರದವರು. ಕೊನೆಗೆ ಕೂಡ್ಲಿಗಿ ಬಸ್ಸು, ಮೇಷ್ಟ್ರು ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಓಡುತ್ತಿದ್ದರು. ನಾನು ಊರಿನವನು, ನನಗೆಲ್ಲಿಯ ಬಸ್ಸು? ಟೇಬಲ್ಲಿನಲ್ಲಿ ಉಳಿದವನು ನಾನೊಬ್ಬನೇ ಆದ್ದರಿಂದ ನಿರ್ಣಯ ಪ್ರತಿ ಸಲ ಸರ್ವಾನುಮತದಿಂದ ಪಾಸಾಗುತ್ತಿತ್ತು. ಅದನ್ನು ಹಾಗೇ ಇಮೇಲಿನಲ್ಲಿ ಆ ಡೆಸ್ಕ್‌ಟಾಪು ಮಾಡುವ ಪರದೇಶದವರಿಗೆ ಕಳಿಸುತ್ತಿದ್ದೆ. ಅವರಲ್ಲೊಬ್ಬ, ‘ಬಹಳ ಸಂತೋಷ, ನೀವು ಎಷ್ಟು ಜನ ಇದ್ದೀರಿ?’ ಅಂತ ಕೇಳಿದ. ‘ನಾಲ್ಕು ಊರು’ ಅಂತ ಬರೆದೆ. ಸುಳ್ಳೇನಲ್ಲವಲ್ಲ.

ಮೇಷ್ಟ್ರಿಗೆ ಈ ಕುತಂತ್ರ ತಡವಾಗಿ ಹೊಳೆಯಿತು. ಮುಂದಿನ ಸಭೆ ಕೂಡ್ಲಿಗಿಯಲ್ಲಿ ಅಂದರು. ಅಲ್ಲಿ ಕೊಟ್ಟೂರು ಬಸ್ಸು ಎಲ್ಲಕ್ಕಿಂತ ಮೊದಲು ಬಂತು. ನಾನು ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹೊಸದು ಬರಬೇಕು! ಹಳೇದು ಹೋಗಬೇಕು!” ಅಂತ ಕೂಗುತ್ತಿದ್ದೆ. ಕೆಳಗಿನಿಂದ ಮೇಷ್ಟ್ರು, “ಹಳೇದ ಗೆಲ್ಲಾದು!” ಅನ್ನುತ್ತಿದ್ದರು.

ಕಂಡಕ್ಟರ್ ಟಿಕೆಟ್ ಹರಿಯುತ್ತಾ ಮೆಲ್ಲಗೆ ಕೇಳಿದ: “ಯಾವ ಎಲೆಕ್ಷನ್ರೀ ಇದು?”

“ಎಲೆಕ್ಷನ್ ಅಲ್ಲಪ, ಡೆಸ್ಕ್‌ಟಾಪು.”

“ಹಂಗಾರ ತಲಿ ಒಳಗ ತಗೊಳ್ರಿ. ಎಲೆಕ್ಷನ್ ಆಗಿದ್ರ ಹೋಗ್ಲಿ ಅನ್ನಬಹುದಿತ್ತು.”

ಕಂಡವರು ಯಾರೂ ಇಲ್ಲ

ನಮ್ಮ ಜಗಳದಲ್ಲಿ ಎರಡು ಪಕ್ಷದವರೂ ಎಳೆದು ತರುತ್ತಿದ್ದ ಒಬ್ಬ ಮನುಷ್ಯನಿದ್ದ: ಸಾಮಾನ್ಯ ಬಳಕೆದಾರ. “ಸಾಮಾನ್ಯ ಬಳಕೆದಾರನಿಗೆ ಸರಳ ಇರಬೇಕು” ಅಂತ ನಾನು. “ಸಾಮಾನ್ಯ ಬಳಕೆದಾರನಿಗೆ ಆಯ್ಕೆ ಇರಬೇಕು” ಅಂತ ಮೇಷ್ಟ್ರು. ಒಂದು ಭಾನುವಾರ ಇಬ್ಬರೂ ಅವನ ಪರವಾಗಿ ಟೇಬಲ್ಲು ಕುಟ್ಟಿ ಕುಟ್ಟಿ ಚಟ್ನಿ ಚೆಲ್ಲಿದಾಗ, ಅಂಗಿ ಒರೆಸಿಕೊಳ್ಳುತ್ತಾ ಗೊಬ್ಬರದವರು ಮೊದಲ ಸಲ ಬಾಯಿಬಿಟ್ಟರು.

“ಈ ಸಾಮಾನ್ಯ ಬಳಕೆದಾರ ಯಾವ ಊರಾಗ ಅದಾನ್ರಿ? ನಾವು ನಾಕು ಮಂದಿ ಬಿಟ್ರ ಈ ಡೆಸ್ಕ್‌ಟಾಪ್ ಬಳಸಾವ್ನ ನಾನಂತೂ ಕಂಡಿಲ್ಲ. ನಾನೂ ಅದನ್ನ ಹಚ್ಚಾದು ನೀವು ಅಂಗಡಿಗೆ ಬಂದಾಗಷ್ಟ.”

ಬ್ಯಾಂಕಿನವರು ತಮ್ಮ ತಟ್ಟೆ ನೋಡಿಕೊಂಡರು. ಮೇಷ್ಟ್ರು ಕೆಮ್ಮಿದರು. ಆಗ ನಾನು ಎದೆಯುಬ್ಬಿಸಿ ಹೇಳಿದೆ: “ಅದಾಳ್ರಿ! ನಮ್ಮ ಮನಿಯಾಕಿ! ದಿನಾ ಅದರಾಗ ಕೆಲಸ ಮಾಡ್ತಾಳ. ಇವತ್ತಿಗೂ ಒಂದು ಸೆಟ್ಟಿಂಗ್ ಮುಟ್ಟಿಲ್ಲ. ಎಲ್ಲಿ ಏನೈತಿ ಅಂತ ಸೈತ ಆಕಿಗೆ ಗೊತ್ತಿಲ್ಲ!”

ಹೆಂಡತಿಗೆ ಏನೂ ಗೊತ್ತಿಲ್ಲ ಅಂತ ನಾಲ್ಕು ಮಂದಿಯಲ್ಲಿ ಇಷ್ಟು ಹೆಮ್ಮೆಯಿಂದ ಸಾರಿದ ಗಂಡ ಆ ಹೋಟೆಲಿನಲ್ಲಿ ಅದಕ್ಕೂ ಮೊದಲು ಕೂತಿರಲಿಕ್ಕಿಲ್ಲ.

ಹೊಸದು ಬಂತು

ಕೊನೆಗೂ ಹೊಸ ಆವೃತ್ತಿ ಬಂತು. ಅಂಗಡಿಯ ಕಂಪ್ಯೂಟರಿಗೆ ನಾನೇ ಹಾಕಿದೆ, ಪೂಜೆ ಮಾಡಿ. ಮಾಗಳದಲ್ಲಿ ನಾನೇ ತೆಗೆದ ತುಂಗಭದ್ರೆಯ ಫೋಟೊವನ್ನು ಪರದೆಯ ಹಿನ್ನೆಲೆಗೆ ಹಚ್ಚಿದೆ. ಎಂಥಾ ಚೆಂದ! ಪರದೆ ತುಂಬ ಹೊಳೆ, ಮೇಲೆ ಒಂದು ಸಣ್ಣ ಪಟ್ಟಿ, ಅದೂ ಬೇಕಾದಾಗ ಮಾತ್ರ ಪೂರ್ತಿ ಕಾಣುವಂಥದ್ದು, ಉಳಿದ ಹೊತ್ತು ಒಂದು ಗೆರೆಯಷ್ಟೇ. ಮತ್ತೇನೂ ಇಲ್ಲ.

ಮತ್ತೇನೂ ಇಲ್ಲದ್ದೇ ತೊಂದರೆಯಾಯಿತು. ಕಂಪ್ಯೂಟರು ಬಂದ್ ಮಾಡುವ ಗುಂಡಿಯೇ ಸಿಗಲೊಲ್ಲದು. ಮೂಲೆ ಮೂಲೆ ತಡಕಿದೆ. ಬೆವರು ಕಿತ್ತುಕೊಂಡು ಬಂತು. ಹೆಂಡತಿ ಊಟಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, “ಏನ್ ಹುಡುಕಾಕ ಹತ್ತೀರಿ?” ಅಂದಳು. “ಏನಿಲ್ಲ, ಹೊಳಿ ನೋಡಾಕ ಹತ್ತೀನಿ” ಅಂದೆ. ಅವಳು ಅತ್ತ ಹೋದ ಕೂಡಲೇ ಗೋಡೆಯ ಸ್ವಿಚ್ಚು ಒತ್ತಿ ಆರಿಸಿದೆ.

ಆದರೆ ಆಶ್ಚರ್ಯ ಏನಂದರೆ ಅವಳಿಗೆ ಯಾವ ತೊಂದರೆಯೂ ಆಗಲಿಲ್ಲ! ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಎಂದಿನಂತೆ, “ನೀವು ಚಾ ಕುಡ್ದು ಬರ್ರಿ, ಅಷ್ಟ್ರಾಗ ನಾ ಇದನ್ನ ಹಚ್ಚಿರ್ತೀನಿ” ಅನ್ನುತ್ತಿದ್ದಳು. ನಾನು ಬರುವಷ್ಟರಲ್ಲಿ ಪರದೆಯ ಮೇಲೆ ಅದೇ ಹೊಳೆ, ಮೇಲೆ ಅದೇ ಪಟ್ಟಿ, ಪ್ರಿಂಟರಿನಿಂದ ಲಗ್ನಪತ್ರಿಕೆ ಬರುತ್ತಿರುತ್ತಿತ್ತು. ನನ್ನ ಕೈಯಲ್ಲಿ ಆ ಪ್ರಿಂಟರು ಒಂದು ದಿನವೂ ಹಾಗೆ ಮಾತು ಕೇಳಿರಲಿಲ್ಲ.

ಹೊಸ ಆವೃತ್ತಿ ಸಾಮಾನ್ಯ ಬಳಕೆದಾರರಿಗೆ ಎಷ್ಟು ಒಗ್ಗಿದೆ ಅಂತ ನಾನು ಪರದೇಶದವರಿಗೆ ಉದ್ದನೆಯ ಇಮೇಲ್ ಬರೆದೆ. ಬಂದ್ ಮಾಡುವುದು ಹೇಗೆ ಅಂತಲೂ ಕೊನೆಗೆ ಮೆಲ್ಲಗೆ ಕೇಳಿದೆ.

ತೀರ್ಪು

ಮೇಷ್ಟ್ರು ಸೋಲೊಪ್ಪುವ ಗಿರಾಕಿಯಲ್ಲ. “ನಿಮ್ಮ ಮಾತು ಬ್ಯಾಡ. ಅಂಗಡ್ಯಾಗಿನ ನಮ್ಮ ತಂಗೀನ ಕೇಳೋಣು. ಹೊಸದು ಬೇಷೈತಿ ಅಂದ್ರ ನಾ ಜಲ್ಮದಾಗ ಹಳೇದರ ಹೆಸರು ಎತ್ತಾದಿಲ್ಲ. ಹಳೇದ ಬೇಕು ಅಂದ್ರ ನೀವು ನಿಮ್ಮ ಬೋರ್ಡು ಇಳಿಸ್ಬೇಕು. ಒಪ್ಪೇನು?”

“ಇಳಿಸಾದೇನು, ಸುಟ್ಟುಬಿಡ್ತೀನಿ!” ಅಂದೆ.

ನಾಲ್ವರೂ ಹೋಟೆಲಿನಿಂದ ನೇರ ಅಂಗಡಿಗೆ ಬಂದೆವು. ಲಗ್ನದ ಹಂಗಾಮು ಅಂತ ಹೆಂಡತಿ ಭಾನುವಾರವೂ ಕೂತಿದ್ದಳು. ನಮ್ಮ ದಂಡು ಕಂಡಿದ್ದೇ ತಡ, ಮಾಡುತ್ತಿದ್ದ ಕೆಲಸ ಪಟ್ಟನೆ ಮುಚ್ಚಿ ಎದ್ದುನಿಂತಳು. ಪರದೆಯ ತುಂಬ ತುಂಗಭದ್ರೆ.

ಕೌಂಟರಿನ ಈಚೆಯಿಂದಲೇ ಪರೀಕ್ಷೆ ನಡೆಯಿತು. “ಆಹಾ, ಎಷ್ಟು ಸ್ವಚ್ಛ ಐತಿ! ಹೊಸದು ಅಂದ್ರ ಹೊಸದು” ಅಂದರು ಬ್ಯಾಂಕಿನವರು. ಮೇಷ್ಟ್ರು ಕನ್ನಡಕ ಏರಿಸಿ, “ಅಲ್ಲೈತಿ ನೋಡ್ರಿ, ಮ್ಯಾಲಿನ ಪಟ್ಟಿ! ಹಳೇದರ ಚೊಕ್ಕತನ ಅದ” ಅಂದರು. “ಹೆಂಗ ಕೂಡಿಸೀನಿ?” ಅಂತ ನಾನು ಮೀಸೆ ತಿರುವಿದೆ.

“ತಂಗೀ, ಖರೇ ಹೇಳವ್ವಾ, ನಿನಗ ಹಳೇದು ಬೇಕೋ ಹೊಸದು ಬೇಕೋ?” ಅಂತ ಮೇಷ್ಟ್ರು ಕೇಳಿದರು.

ಅವಳು ನನ್ನ ಮುಖ ನೋಡಿದಳು. “ಚಾ ಹೇಳಿ ಬರ್ತೀನಿ ತಡೀರಿ ಅಣ್ಣಾರ” ಅಂತ ಹೊರಟಳು.

“ಚಾ ಆಮ್ಯಾಲ. ಮೊದ್ಲು ತೀರ್ಪು” ಅಂತ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಹೊಳೆ ಬತ್ತಿ ಪರದೆ ಕಪ್ಪಾಯಿತು. ಹೆಂಡತಿಯ ಮುಖದಲ್ಲಿ ದೊಡ್ಡ ಸಮಾಧಾನ ಕಂಡಿತು, ಯಾಕೆ ಅಂತ ಆಗ ನನಗೆ ತಿಳಿಯಲಿಲ್ಲ. “ಇನ್ನ ಬರಾದಿಲ್ರಿ, ಸಂಜಿಗೇ” ಅಂದಳು. ಹಾಳಾದ ಕರೆಂಟು, ಯಾವತ್ತೂ ಬಾರದ್ದು ಅವತ್ತು ಆ ಮಾತು ಮುಗಿಯುವುದರೊಳಗೆ ಬಂತು.

“ಹಚ್ಚವ್ವಾ ತಂಗಿ” ಅಂದರು ಮೇಷ್ಟ್ರು. ಈಗ ನಾಲ್ವರೂ ಕೌಂಟರ್ ದಾಟಿ ಅವಳ ಬೆನ್ನ ಹಿಂದೆಯೇ ನಿಂತೆವು.

ಕಂಪ್ಯೂಟರು ಶುರುವಾಗುವಾಗ ಮೊದಲು ಒಂದು ಕಪ್ಪು ಪರದೆ ಬಂದು, ಲಿನಕ್ಸೋ ಕಂಪನಿಯದೋ ಅಂತ ಕೇಳಿ ಸ್ವಲ್ಪ ಹೊತ್ತು ಕಾಯುತ್ತದೆ. ಸುಮ್ಮನಿದ್ದರೆ ಲಿನಕ್ಸೇ ಬರುವಂತೆ ನಾನು ಮಾಡಿಟ್ಟಿದ್ದೆ. ಅವಳೂ ಸುಮ್ಮನಿರಬೇಕು ಅಂತಲೇ ಇದ್ದಳೋ ಏನೋ, ಆದರೆ ಬೆರಳು ಕೇಳಬೇಕಲ್ಲ! ದಿನದ ರೂಢಿ, ಟಕ್ ಟಕ್ ಅಂತ ಕೆಳಗಿನ ಬಾಣದ ಗುಂಡಿ ಒತ್ತಿ ಎಂಟರ್ ಹೊಡೆದೇಬಿಟ್ಟಿತು. ಪರದೆಯ ನಟ್ಟನಡುವೆ ಕಂಪನಿಯ ಗುರುತು ಬಂತು. ಅದರ ಹಿಂದೆಯೇ ನನ್ನ ತುಂಗಭದ್ರೆ, ಮೇಲೆ ಅದೇ ಪಟ್ಟಿ.

ದಿನಾ ಅದರ ಮುಂದೆ ಓಡಾಡಿದವನು ನಾನು, ಅದನ್ನು ತೋರಿಸಿ ಊರೆಲ್ಲ ಭಾಷಣ ಮಾಡಿದವನು ನಾನು. ಅದು ಲಿನಕ್ಸ್ ಅಲ್ಲವೇ ಅಲ್ಲ ಅಂತ ನನಗೇ ಗೊತ್ತಾಗಿರಲಿಲ್ಲ!

“ಇದೇನ ಇದು?” ಅಂದೆ.

“ನಮ್ಮ ಕನ್ನಡದ ಅಕ್ಷರ ನಿಮ್ಮ ಲಿನಕ್ಸ್‌ನಾಗ ಕೂಡವಲ್ವುರೀ. ಲಗ್ನಪತ್ರಿಕಿ ಕೂಡ್ಸಾದು ಹೆಂಗ? ಹಿಂಗಂತ ಹೇಳಿದ್ರ ನೀವು ಎರಡು ದಿನ ಉಣ್ಣಾದಿಲ್ಲ. ಅದಕ್ಕ ಇದನ್ನ ನಿಮ್ದರಂಗ ಮಾಡೀನಿ. ನಿಮ್ಮ ಹೊಳಿ ಹಚ್ಚಿದೆ, ಕೆಳಗಿನ ಪಟ್ಟಿ ಮ್ಯಾಲ ಒಯ್ದೆ, ಅದನ್ನ ಮುಚ್ಚಿಕೊಳ್ಳಂಗ ಮಾಡಿದೆ, ಸಣ್ಣ ಸಣ್ಣ ಚಿತ್ರ ಎಲ್ಲಾ ಅಳಿಸಿದೆ. ನೀವು ಹೊಸದು ತಂದಾಗೊಮ್ಮೆ ನಾನೂ ಇದನ್ನ ಬದಲಾಯಿಸ್ಕೋತ ಬಂದೀನಿ. ಭಾಳ ಏನಿಲ್ರಿ, ಎಲ್ಲಾ ಸೆಟ್ಟಿಂಗ್‌ನ್ಯಾಗ ಐತಿ.”

ಸೆಟ್ಟಿಂಗ್ ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ಮೇಷ್ಟ್ರ ಮುಖ ಅರಳಿತು. ಅವರ ವಾದ ಗೆದ್ದಿತ್ತು, ಅದೂ ಎದುರಾಳಿಯ ಮನೆಯಲ್ಲಿ. ಆದರೆ ನನ್ನನ್ನು ನೋಡಿ ಅವರಿಗೂ ನಗಲು ಮನಸ್ಸಾಗಲಿಲ್ಲ. ನಾನು ಸುಮ್ಮನೆ ಸ್ಟೂಲು ತಂದು ಬಾಗಿಲ ಹೊರಗಿಟ್ಟು, ಬೋರ್ಡು ಬಿಚ್ಚಲು ಹತ್ತಿದೆ.

ಹೆಂಡತಿ ಓಡಿ ಬಂದು ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡಳು. “ಇಳೀರಿ. ಬೋರ್ಡು ಇರ್ಲಿ ಬಿಡ್ರಿ.”

“ಹೆಂಗಿರ್ತೈತಿ? ಎಲ್ಲ ಕೆಲಸಾನೂ ಲಿನಕ್ಸ್‌ನಾಗ ಅಂತ ಬರದೈತಿ. ಒಂದು ಕೆಲಸನಾದ್ರೂ ಅದರಾಗ ಆಗ್ಯದೇನು?”

ಅವಳು ಬೋರ್ಡಿನ ಕಡೆ ಒಂದು ಸಲ ನೋಡಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

“ಇಲ್ಲಂತನ ಅನ್ರಿ. ಈ ಬೋರ್ಡು ಮಾಡಿದ್ದೂ ಕಂಪನೀದರಾಗ.”